ಗಾಲಿ ಕಟ್ಟಿಕೊಂಡ ಮಾವಶಿ

ಒಂದು ಕಡೆ ನಿಲ್ಲದೆ ತಿರುಗುವವರನ್ನು ಕಾಲಿಗೆ ಚಕ್ರ ಕಟ್ಟಿಕೊಂಡವರು ಎಂದು ನಮ್ಮಲ್ಲಿ ಆಡಿಕೊಳ್ಳುತ್ತಾರೆ. ನಿಜವಾಗಿಯೂ ಕಾಲಿಗೆ ಚಕ್ರ ಕಟ್ಟಿಕೊಂಡ ಐವತ್ತೇಳು ವರ್ಷದ ಹೆಂಗಸನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ತೀರಿಕೊಂಡು ಎರಡು ತಿಂಗಳಾಯಿತು. ಇಂದಾಪುರದಿಂದ ಅವರ ಮಗಳು ಫೋನ್ ಮಾಡಿ, "ಅವ್ವ ಮಲ್ಕೊಂಡಲ್ಲೇ ಹೋದ್ಲ್ರಿ, ಏನೂ ತ್ರಾಸ ಆಗಲಿಲ್ಲ" ಎಂದಾಗ ನಾನು ಪುಣೆಯ ಖರಾಡಿಯ ಆಫೀಸಿನಲ್ಲಿದ್ದೆ. ಫೋನ್ ಇಟ್ಟು ಕೆಲಸ ಮಾಡಿದೆ, ಊಟವನ್ನೂ ಮಾಡಿದೆ. ಅಳು ಬಂದದ್ದು ಮೂರು ದಿನ ಬಿಟ್ಟು, ರವಿಕೆಯ ಕಿತ್ತುಹೋದ ಹುಕ್ಕು ಹಾಕಲು ಸೂಜಿಗೆ ದಾರ ಪೋಣಿಸುವಾಗ.

ಕೊಂಢವಾ ಬಡಾವಣೆಯ ನಮ್ಮ ಗಲ್ಲಿಗೆಲ್ಲ ಅವರು ಮಾವಶಿ, ಅಂದರೆ ಚಿಕ್ಕಮ್ಮ. ಹಾಲು ಹಾಕುವವನಿಗೂ ಮಾವಶಿ, ಅವರಿಗಿಂತ ಹತ್ತು ವರ್ಷ ದೊಡ್ಡವಳಾದ ತರಕಾರಿಯವಳಿಗೂ ಮಾವಶಿ. ನಾನೂ ಹಾಗೆಯೇ ಕರೆದೆ, ಇಲ್ಲೂ ಹಾಗೆಯೇ ಕರೆಯುತ್ತೇನೆ. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಹೊಲಿಗೆಯಿಂದಲೇ ಒಬ್ಬಳೇ ಮಗಳನ್ನು ಓದಿಸಿ ಮದುವೆ ಮಾಡಿಕೊಟ್ಟವರು. ನಮ್ಮ ಕಟ್ಟಡದ ಕೆಳಗೆ ಒಂದು ಶಟರಿನ ಅಂಗಡಿ, ಅದರಲ್ಲಿ ಎರಡು ಮಷಿನ್ನು, ಗೋಡೆ ತುಂಬ ಶಾಲೆಯ ಯೂನಿಫಾರ್ಮು. ಮೇ ತಿಂಗಳು ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ಅಳತೆ ತೆಗೆದುಕೊಳ್ಳುವಾಗ ಅವರು ಅಂಕಿಯನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಬೇರೆ ಟೇಲರುಗಳು ನಮ್ಮ ಸೊಂಟದ ಸುತ್ತಳತೆಯನ್ನು ಬೀದಿಗೆಲ್ಲ ಕೇಳುವಂತೆ ಕೂಗಿ ಬರೆಸುತ್ತಾರೆ. ಮಾವಶಿ ಬಳಪದಿಂದ ತಮ್ಮ ಎಡ ಅಂಗೈ ಮೇಲೆ ಬರೆದುಕೊಂಡು ಮುಷ್ಟಿ ಮುಚ್ಚಿಬಿಡುತ್ತಿದ್ದರು. ಗಿರಾಕಿ ಹೋದ ಮೇಲಷ್ಟೇ ಅದು ಪುಸ್ತಕಕ್ಕೆ ಇಳಿಯುತ್ತಿತ್ತು. "ಹೆಣ್ಣಮಕ್ಕಳ ಅಳತಿ ಗಾಳಿಗೆ ಬಿಡಬಾರದು" ಎನ್ನುವುದು ಅವರ ಸಿದ್ಧಾಂತ. ಬಾಯಲ್ಲಿ ಸದಾ ನಾಲ್ಕು ಗುಂಡುಪಿನ್ನು. ಅವನ್ನು ತುಟಿಯ ತುದಿಯಲ್ಲಿ ಕಚ್ಚಿಕೊಂಡೇ ಮಾತು, ನಗು, ಬೈಗುಳ. ಒಮ್ಮೆ ಚಹಾ ಕುಡಿದದ್ದನ್ನೂ ನೋಡಿದ್ದೇನೆ.

ಒಂದು ವಿಷಯ ನನಗೆ ತಡವಾಗಿ ತಿಳಿಯಿತು, ಓದುವವರನ್ನು ಕಾಯಿಸುವುದು ಬೇಡ. ಸಕ್ಕರೆ ಕಾಯಿಲೆಯಿಂದ ಅವರ ಅಂಗಾಲುಗಳಲ್ಲಿ ಸ್ಪರ್ಶವೇ ಇರಲಿಲ್ಲ. ನೆಲ ತಣ್ಣಗಿದೆಯೋ ಸುಡುತ್ತಿದೆಯೋ ತಿಳಿಯುತ್ತಿರಲಿಲ್ಲ. ಮೋಟಾರು ಮಷಿನ್ನಿನ ಪೆಡಲನ್ನು ತುಳಿದಿದ್ದೇನೆಯೋ ಬಿಟ್ಟಿದ್ದೇನೆಯೋ ಎಂದು ಬಗ್ಗಿ ನೋಡಿಕೊಳ್ಳಬೇಕಾಗಿತ್ತು. ಮಗಳಿಗೆ ಗೊತ್ತಾದರೆ ಅಂಗಡಿ ಮುಚ್ಚಿಸಿ ಇಂದಾಪುರಕ್ಕೆ ಕರೆದೊಯ್ಯುತ್ತಾಳೆ ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ. ಪಾದವನ್ನೂ ಅಂಗಡಿಯನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಆ ಹೆಂಗಸು ಒಬ್ಬರೇ ಒದ್ದಾಡುತ್ತಿದ್ದ ಕಾಲದಲ್ಲಿ ನಾನು ಅವರ ಸ್ನೇಹಿತೆಯಾದೆ.

ನಾನು ಪುಣೆಗೆ ಬಂದು ಆಗ ಎಂಟು ತಿಂಗಳು. ಗಂಡ ಮೈಸೂರಿನಲ್ಲಿ, ನಾನು ವಿಮಾ ಕಂಪನಿಯ ವರ್ಗಾವಣೆಯ ಮೇಲೆ ಇಲ್ಲಿ. ಆಫೀಸಿನಲ್ಲಿ ಇಂಗ್ಲಿಷು, ಬಸ್ಸಿನಲ್ಲಿ ಹಿಂದಿ, ಮನೆಯಲ್ಲಿ ಮೌನ. ನನ್ನ ಮರಾಠಿಯೋ ದೇವರಿಗೇ ಪ್ರೀತಿ. ಮಾವಶಿಯ ಅಂಗಡಿಗೆ ರವಿಕೆ ಸಡಿಲಿಸಲು, ಬಿಗಿ ಮಾಡಿಸಲು, ಕೆಲವೊಮ್ಮೆ ಏನೂ ಕೆಲಸವಿಲ್ಲದೆಯೂ ಹೋಗುತ್ತಿದ್ದೆ. ನಾಲ್ಕು ತಿಂಗಳು ನಮ್ಮ ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ಅವರ ಮರಾಠಿ ಗಲ್ಲಿಯವರಿಗಿಂತ ಸ್ವಚ್ಛ, ಹಾಗಾಗಿ ಅವರು ಇಲ್ಲಿಯವರೇ ಎಂದುಕೊಂಡಿದ್ದೆ.

ಒಂದು ಸಂಜೆ ಅವರು ಮಕ್ಕಳ ಸ್ಕೇಟಿಂಗ್ ಕ್ಲಾಸಿನ ಜೆರ್ಸಿಗಳನ್ನು ಮಡಚಿಡುತ್ತ, ನಾಳೆ ಬೆಳಿಗ್ಗೆ ಆರಕ್ಕೆ ನನ್ನ ಜೊತೆ ಬರುತ್ತೀಯಾ, ಗಾಲಿಯ ಬೂಟು ಹಾಕಿಕೊಂಡು ಓಡುವುದನ್ನು ಕಲಿಯೋಣ ಎಂದರು. ನನಗೆ ಮರಾಠಿ ತಪ್ಪಾಗಿ ಅರ್ಥವಾಗಿರಬೇಕು ಎಂದುಕೊಂಡೆ. ಅವರು ಎರಡು ಬೆರಳನ್ನು ಮೇಜಿನ ಮೇಲೆ ಜಾರಿಸಿ ತೋರಿಸಿದರು. ಆ ದಿನಗಳಲ್ಲಿ ಯಾರಾದರೂ ಕರೆದರೆ ಸಾಕಿತ್ತು, ಬಾವಿಗೆ ಬೀಳೋಣ ಬಾ ಎಂದಿದ್ದರೂ ಹೋಗುತ್ತಿದ್ದೆನೇನೋ.

ಕ್ಲಾಸು ನಡೆಯುತ್ತಿದ್ದುದು ಹತ್ತಿರದ ಉದ್ಯಾನದ ಸಿಮೆಂಟ್ ಅಂಗಳದಲ್ಲಿ. ಕಲಿಸುವವಳು ಇಪ್ಪತ್ತೆರಡರ ಮರಾಠಿ ಹುಡುಗಿ. ಮಾವಶಿ ಹೊಲಿದ ಜೆರ್ಸಿ ಅವಳಿಗೆ ಎಷ್ಟು ಹಿಡಿಸಿತ್ತೆಂದರೆ ಮಕ್ಕಳು ಬರುವ ಮುಂಚಿನ ಒಂದು ಗಂಟೆಯನ್ನು ನಮಗೆ ಬಿಟ್ಟುಕೊಟ್ಟಿದ್ದಳು. ಬೂಟಿನ ಅಡಿಯಲ್ಲಿ ನಾಲ್ಕು ಗಾಲಿ, ಒಂದರ ಹಿಂದೆ ಒಂದು. ನಾವಿಬ್ಬರೂ ಕೈ ಕೈ ಹಿಡಿದು ಎದ್ದು ನಿಂತೆವು. ನಿಂತದ್ದಷ್ಟೇ ನೆನಪು. ನನ್ನ ಎಡಗಾಲು ನನ್ನನ್ನು ಕೇಳದೆ ಎಲ್ಲಿಗೋ ಹೊರಟಿತು. ನಾನು "ಅಯ್ಯೋ ಅಮ್ಮಾ, ಸತ್ತೆ" ಎಂದು ಮಲಗಿದೆ. ನನ್ನ ಮೇಲೆ ಬಿದ್ದ ಮಾವಶಿ "ಯವ್ವಾ, ನನ್ನ ಸೊಂಟಾ" ಎಂದರು.

"ನೀ ಕನ್ನಡದಾಕಿ ಏನು?" ಅವರು ನನ್ನ ಮೇಲೆಯೇ ಬಿದ್ದುಕೊಂಡು ಕೇಳಿದರು.

"ಹೌದು. ನೀವೂ?"

"ನಮ್ಮದು ವಿಜಾಪುರ ಜಿಲ್ಲಾ. ನಾಕು ತಿಂಗಳು ನಿನ್ನ ಜೋಡಿ ಮರಾಠಿ ಮಾತಾಡಿ ನನ್ನ ಬಾಯಿ ಒಣಗಿ ಹೋಗ್ಯದ. ನಾ ನಿನ್ನ ತೆಲುಗಿನಾಕಿ ಅಂತ ತಿಳಕೊಂಡಿದ್ದೆ."

ನಾವು ಎದ್ದೇಳದೆ ನಗುತ್ತಿದ್ದುದನ್ನು ಕಂಡು ಆ ಹುಡುಗಿ ಗಾಬರಿಯಾಗಿ ಓಡಿ ಬಂದಳು, ತಲೆಗೆ ಪೆಟ್ಟಾಗಿರಬೇಕು ಎಂದುಕೊಂಡು. ಸಿಮೆಂಟಿನ ಮೇಲೆ ಕುಳಿತೇ ನಾನು ಕೇಳಿದೆ, ಗಲ್ಲಿಯಲ್ಲಿ ಇಷ್ಟು ಜನ ಇರುವಾಗ ನನ್ನನ್ನೇ ಯಾಕೆ ಕರೆದಿರಿ ಎಂದು. "ಒಬ್ಬಾಕಿ ಬಿದ್ರ ಮಂದಿ ನಗ್ತಾರ ತಂಗಿ. ಇಬ್ಬರು ಬಿದ್ರ ಕ್ಲಾಸ್ ನಡದದ ಅಂತಾರ. ಮತ್ತ ನೀ ಒಬ್ಬಾಕೀನ ಖಾಲಿ ಕಾಣಸ್ತಿದ್ದಿ" ಎಂದರು. ನನ್ನ ಒಂಟಿತನವನ್ನು ಅವರು ಅಳತೆ ತೆಗೆದುಕೊಂಡಿದ್ದರು ಎಂದು ಆಗ ತಿಳಿಯಿತು.

ಆಮೇಲೆ ನಾವು ವಾರಕ್ಕೆ ನಾಲ್ಕು ದಿನ ಹೋಗತೊಡಗಿದೆವು. ಮಾವಶಿ ಜನ್ಮದಲ್ಲಿ ಮೊದಲ ಬಾರಿಗೆ ಚೂಡಿದಾರ ಹೊಲಿದುಕೊಂಡರು. ಮೊಣಕಾಲಿಗೆ ಕಟ್ಟಿಕೊಳ್ಳಲು ಯೂನಿಫಾರ್ಮಿನ ಕಂದು ಚೌಕಳಿ ಬಟ್ಟೆಯಲ್ಲಿ ಹತ್ತಿ ತುಂಬಿದ ಪಟ್ಟಿಗಳು, ನನಗೊಂದು ಜೊತೆ, ಅವರಿಗೊಂದು ಜೊತೆ. ಅದನ್ನು ನೋಡಿ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು ನೀವಿಬ್ಬರೂ ಯಾವ ಶಾಲೆ ಎಂದು ಕೇಳಿದಳು. ಮಾವಶಿ ಗಂಭೀರವಾಗಿ, ಇನ್ನೂ ಅಡ್ಮಿಷನ್ ಆಗಿಲ್ಲ ಎಂದರು.

ಕಲಿಸುವ ಹುಡುಗಿ ಮುಂದೆ ನೋಡಿ, ಕಾಲು ನೋಡಬೇಡಿ ಎಂದು ನೂರು ಸಲ ಹೇಳಿದ್ದಳು. ನನ್ನ ತಲೆಗೆ ಹೋಗಿರಲಿಲ್ಲ. ಮಾವಶಿ ಒಮ್ಮೆ ಹೇಳಿದ್ದು ಹೋಯಿತು. "ಹೊಲಿಯುವಾಗ ನಾವು ಸೂಜಿ ನೋಡೂದಿಲ್ಲ. ಸೂಜಿ ಮುಂದ ಬರೂ ಅರಿವಿ ನೋಡ್ತೇವಿ. ಸೂಜಿ ನೋಡಿದಾಕಿ ಬೆರಳ ಹೊಲಕೋತಾಳ." ಮರುದಿನ ನಾನು ಹತ್ತು ಮಾರು ಬೀಳದೆ ಹೋದೆ. ನಿಲ್ಲಿಸುವುದು ಹೇಗೆಂದು ತಿಳಿಯದೆ ಬೇಲಿಗೆ ಹೋಗಿ ಗುದ್ದಿದೆ, ಪ್ಯಾಂಟು ಹಿಂದಿನಿಂದ ಹರಿಯಿತು. ಅಂಗಡಿಯ ತನಕ ಹಾಗೇ ಹೋಗುವಂತಿರಲಿಲ್ಲ. ಮಾವಶಿ ಅಲ್ಲಿಯೇ ನನ್ನ ಹಿಂದೆ ಕುಳಿತು ಸೂಜಿ ತೆಗೆದರು. "ಮೈಮ್ಯಾಲಿದ್ದ ಅರಿವಿ ಹೊಲೀಬಾರದು. ಹೊಲಿಯೂದಾದ್ರ ಬಾಯಾಗ ದಾರ ಕಚ್ಚಿ ಹಿಡೀಬೇಕು, ಮಾತಾಡಬಾರದು" ಎಂದು ಒಂದು ತುಂಡು ದಾರವನ್ನು ನನ್ನ ಹಲ್ಲಿಗೆ ಕೊಟ್ಟರು. ಅಷ್ಟರಲ್ಲಿ ಹುಡುಗಿ ಬಂದು ಏನಾಯಿತು ಎಂದು ಕೇಳಿದಳು. ನಾನು ದಾರ ಕಚ್ಚಿಕೊಂಡು ಹಸುವಿನಂತೆ ಅವಳನ್ನು ನೋಡುತ್ತ ನಿಂತೆ.

ಅವರಿಗೆ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳಲು ಹೊಟ್ಟೆ ಅಡ್ಡ ಬರುತ್ತಿತ್ತು. ಹಾಗಾಗಿ ಕಟ್ಟುವುದೂ ಬಿಚ್ಚುವುದೂ ನನ್ನ ಕೆಲಸ. ಕಾಲು ಮುಟ್ಟಿದ ಮೇಲೆ ಹರಸದೆ ಬಿಡುವವರಲ್ಲ. ದಿನಕ್ಕೊಂದು ಆಶೀರ್ವಾದ, ತಲೆಯ ಮೇಲೆ ಕೈಯಿಟ್ಟು. "ಹಲ್ಲು ಗಟ್ಟಿ ಇರಲಿ." "ಇವತ್ತ ಬಸ್ಸಿನ್ಯಾಗ ಸೀಟು ಸಿಗಲಿ." "ಸಾಹೇಬ ರಜಾ ಕೊಡಲಿ." ನಿಜ ಹೇಳುತ್ತೇನೆ, ಆ ಆರು ಗಂಟೆಯ ಚಳಿಯಲ್ಲಿ ತಲೆಯ ಮೇಲೆ ಕೂತ ಆ ಕೈಗಾಗಿಯೇ ನಾನು ಅಲಾರಾಂ ಇಟ್ಟುಕೊಂಡು ಏಳುತ್ತಿದ್ದೆ.

ಅವರು ನನಗಿಂತ ಬೇಗ ಕಲಿತರು. ಇನ್ನೊಂದು ವಿಚಿತ್ರವೆಂದರೆ, ಗಾಲಿ ಉರುಳತೊಡಗಿದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. "ಮಾವಶಿ, ಡೋಳೆ ಉಘಡಾ" ಎಂದು ಹುಡುಗಿ ಕೂಗುತ್ತಿದ್ದಳು, ಕಣ್ಣು ಬಿಡಿ ಎಂದು. ಬಿಡುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು. ಅಂಗಡಿಯಲ್ಲಿ ಗೋಡೆ ಹಿಡಿದು ಹಿಡಿದು ನಡೆಯುವ ಹೆಂಗಸಿನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಬೇರೆ ಯಾವ ಹೊತ್ತಿನಲ್ಲೂ ನೋಡಿರಲಿಲ್ಲ.

ಮೇ ಕೊನೆಯ ವಾರ. ಕ್ಲಾಸಿನ ಬೂಟು ಅವರಿಗೆ ಸಡಿಲವಾಗುತ್ತಿತ್ತು. ಅವರು ಅದನ್ನು ಅಂಗಡಿಗೆ ಒಯ್ದು, ಟೇಲರಿನ ಬುದ್ಧಿ ನೋಡಿ, ಒಳಗೆ ಮೆತ್ತನೆಯ ಬಟ್ಟೆಯ ಅಸ್ತರು ಕೂರಿಸಿದರು. ಮೊದಲು ಪಿನ್ನು ಚುಚ್ಚಿ ನಿಲ್ಲಿಸಿ, ಆಮೇಲೆ ಕೈಹೊಲಿಗೆ ಹಾಕಿದರು. ಆಮೇಲೆ ಪಿನ್ನುಗಳನ್ನು ಕಿತ್ತರು. ಒಂದನ್ನು ಮರೆತರು. ಮರುದಿನ ಒಂದು ಗಂಟೆ ಆ ಬೂಟಿನಲ್ಲಿ ಕಣ್ಣು ಮುಚ್ಚಿಕೊಂಡು ಸುತ್ತಿದರು. ನಾನು ಎಂದಿನಂತೆ ಲೇಸು ಬಿಚ್ಚಿ ಬೂಟು ಎಳೆದೆ. ಬಿಳಿ ಸಾಕ್ಸಿನ ಮುಂಭಾಗ ಪೂರ್ತಿ ಕೆಂಪಾಗಿತ್ತು.

ಮಾವಶಿ ಬಗ್ಗಿ ನೋಡಿ, "ಯಾರದು ಇದು ರಕ್ತ?" ಎಂದರು.

ಹೆಬ್ಬೆರಳಿನ ಬುಡದಲ್ಲಿ ಪಿನ್ನು ತಲೆಯ ತನಕ ಇಳಿದಿತ್ತು. ನಾನು ಅದನ್ನು ಕಿತ್ತಾಗಲೂ ಅವರ ಮುಖ ಬದಲಾಗಲಿಲ್ಲ. ಬೇರೆಯವರ ಕಾಲನ್ನು ನೋಡುವಂತೆ ತಮ್ಮ ಕಾಲನ್ನು ನೋಡುತ್ತ ಕುಳಿತಿದ್ದರು. ಆಗ ಅವರು ಎಲ್ಲವನ್ನೂ ಹೇಳಿದರು.

"ಎರಡು ವರ್ಷ ಆತು. ನಡದ್ರ ಹತ್ತಿ ಮ್ಯಾಲ ನಡದಂಗ. ನೆಲಾ ಅದನೋ ಇಲ್ಲೋ ಗೊತ್ತಾಗೂದಿಲ್ಲ. ಜೆರ್ಸಿ ಕೊಡಾಕ ಬಂದಾಗ ಆ ಹುಡುಗಿ ಚೇಷ್ಟಿಗೆ ಈ ಬೂಟು ಹಾಕಿ ನಿಂದ್ರಿಸಿದಳು. ಗಾಲಿ ಉರುಳಿದ ಕೂಡಲೇ ಝುಂ ಅಂತ ಮೊಣಕಾಲ ತನಕ ಬಂತು. ಮೊಣಕಾಲು ಇನ್ನಾ ಜೀವಂತ ಅದಲ್ಲ. ಇಲ್ಲಿ ಖರಬರಾ ಅದ, ಇಲ್ಲಿ ನುಣ್ಣಗದ, ಇಲ್ಲಿ ಸಂದು ಅದ, ಎಲ್ಲಾ ಗೊತ್ತಾತು. ಎರಡು ವರ್ಷದ ಮ್ಯಾಲ ನನಗ ನೆಲಾ ಸಿಕ್ಕಿತ್ತು ತಂಗಿ."

ಮಗಳಿಗೆ ಹೇಳಬಾರದು ಎಂದು ಮಾತು ತೆಗೆದುಕೊಂಡರು. ನಾನು ಕೊಟ್ಟೆ, ಡಾಕ್ಟರಿಗೆ ತೋರಿಸಬೇಕು ಎಂಬ ಷರತ್ತಿನ ಮೇಲೆ. ತೋರಿಸುತ್ತೇನೆ ಎಂದರು.

ತೋರಿಸಲಿಲ್ಲ. ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಯೂನಿಫಾರ್ಮು ಹೊಲಿಯುತ್ತಿದ್ದರು. ಶಾಲೆ ಶುರುವಾಗಲು ಹತ್ತು ದಿನವಿತ್ತು. ದಿನವೂ ಕೇಳಿದೆ, ದಿನವೂ ನಾಳೆ ಎಂದರು. ಐದನೆಯ ದಿನ ಅಂಗಡಿಗೆ ಹೋದಾಗ ಅವರ ಮೈ ಕಾದ ಹೆಂಚಾಗಿತ್ತು. ಬಟ್ಟೆ ಬಿಚ್ಚಿ ನೋಡಿದೆ. ಎರಡು ಬೆರಳು ಕಪ್ಪಾಗಿದ್ದವು, ಕೆಂಪು ಕಣಕಾಲಿನ ತನಕ ಏರಿತ್ತು.

"ಈಗಲೇ ಆಸ್ಪತ್ರೆಗೆ ಹೋಗೋಣ ಮಾವಶಿ."

"ಮುನ್ನೂರು ಪೋರರು ಮೊದಲನೇ ದಿನ ಹಳೇ ಅರಿವಿ ಹಾಕ್ಕೊಂಡು ಸಾಲಿಗೆ ಹೋಗಬೇಕೇನು? ಮುಗೀಲಿ. ನನಗೇನ ನೋವಿಲ್ಲ."

ನೋವಿಲ್ಲ ಎಂದದ್ದು ನಿಜ. ನನಗೆ ಭಯವಾದದ್ದೂ ಅದಕ್ಕೇ. ಎಷ್ಟು ಬೇಡಿಕೊಂಡರೂ ಮಷಿನ್ನು ಬಿಟ್ಟು ಏಳಲಿಲ್ಲ. ನಾನು ಮೇಲೆ ಬಂದೆ. ಮಾತು ಕೊಟ್ಟಿದ್ದೆ. ಅವರ ಅಂಗಡಿ, ಅವರ ಸ್ವಾತಂತ್ರ್ಯ, ನನ್ನ ಮೇಲಿನ ನಂಬಿಕೆ, ಎಲ್ಲವೂ ಒಂದು ಫೋನಿನಲ್ಲಿ ಹೋಗುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೇ ಇಂದಾಪುರಕ್ಕೆ ಫೋನ್ ಮಾಡಿದೆ. ಅವರ ಮಗಳ ನಂಬರು ಅಂಗಡಿಯ ಗೋಡೆಯ ಮೇಲೆ ಬಳಪದಲ್ಲಿ ಬರೆದಿತ್ತು, ಬರುವಾಗ ನೋಡಿಕೊಂಡು ಬಂದಿದ್ದೆ.

ಮಗಳು ಗಂಡನೊಂದಿಗೆ ಅದೇ ಸಂಜೆ ಬಂದಳು. ಬೈದು, ಅತ್ತು, ತಾಯಿಯನ್ನು ಎತ್ತಿಕೊಂಡೇ ಹೋದಂತೆ ಆಸ್ಪತ್ರೆಗೆ ಕರೆದೊಯ್ದಳು. ಎರಡು ಬೆರಳು ತೆಗೆದರು. ಇನ್ನು ಮೂರು ದಿನ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ನನಗೆ ಅದರಿಂದ ಸಮಾಧಾನವಾಗಬೇಕಿತ್ತು.

ಮೂರನೆಯ ದಿನ ನೋಡಲು ಹೋದೆ. ಮಾವಶಿ ದಿಂಬಿಗೆ ಒರಗಿ ಕುಳಿತಿದ್ದರು. ಹೇಗಿದ್ದೀರಿ ಎಂದು ಕೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ, "ಬರೀ ಆಹೇ. ಬಸಾ" ಎಂದರು. ಚೆನ್ನಾಗಿದ್ದೇನೆ, ಕುಳಿತುಕೊಳ್ಳಿ. ಗುರುತಿಲ್ಲದ ಗಿರಾಕಿಗೆ ಆಡುವ ಮರಾಠಿ, ಬಹುವಚನ ಬೇರೆ. ಅವರು ಬೈದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ. ಐದು ನಿಮಿಷ ಕುಳಿತು ಎದ್ದು ಬಂದೆ. ಉಳಿದ ಯೂನಿಫಾರ್ಮುಗಳನ್ನು ಪಕ್ಕದ ಗಲ್ಲಿಯ ಟೇಲರು ಮುಗಿಸಿಕೊಟ್ಟ. ತಿಂಗಳೊಳಗೆ ಮಷಿನ್ನುಗಳು ಹೋದವು, ಶಟರಿನ ಮೇಲೆ ಮೊಬೈಲ್ ರಿಪೇರಿಯವನ ಬೋರ್ಡು ಬಂತು. ನಾನು ಸ್ಕೇಟಿಂಗಿಗೆ ಒಬ್ಬಳೇ ಒಂದು ದಿನ ಹೋಗಿ, ಬೂಟು ಹಾಕಿಕೊಳ್ಳದೆ ವಾಪಸ್ಸು ಬಂದೆ.

ದೀಪಾವಳಿ ಮುಗಿದ ಮೇಲೆ ಧೈರ್ಯ ಮಾಡಿ ಇಂದಾಪುರದ ಬಸ್ಸು ಹತ್ತಿದೆ. ಸೋಲಾಪುರದ ಹೆದ್ದಾರಿಯುದ್ದಕ್ಕೂ, ಬಾಗಿಲಿನಿಂದಲೇ ಹೋಗು ಎಂದರೆ ಏನು ಮಾಡಲಿ ಎಂದು ಯೋಚಿಸುತ್ತಿದ್ದೆ. ಮಗಳು ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡು ದೂರು ಶುರುಮಾಡಿದಳು. "ದಿನಾ ಪಾದ ನೋಡಬೇಕು ಅಂದಾರ್ರಿ ಡಾಕ್ಟರು. ಗಾಯ ಆದ್ರ ಆಕಿಗಂತೂ ಗೊತ್ತಾಗೂದಿಲ್ಲ. ನೋಡಗೊಡೂದಿಲ್ಲ ನಮ್ಮವ್ವ. ನಾನೇ ನೋಡಕೋತೀನಿ ಅಂತಾಳ. ಆಕಿಗೆ ಬಗ್ಗಾಕ ಎಲ್ಲಿ ಬರ್ತದ? ನೀವರ ಹೇಳ್ರಿ."

ನಾನು ಹೇಳಲು ಯಾರು ಎಂದು ಅವಳಿಗೆ ಹೇಗೆ ಹೇಳಲಿ? ಅವಳು ಚಹಾ ಇಡಲು ಒಳಗೆ ಹೋದಳು.

ಮಾವಶಿ ಹಿಂದಿನ ಪಡಸಾಲೆಯಲ್ಲಿ ಹೊರಸಿನ ಮೇಲಿದ್ದರು. ಹೊರಗೆ ಕಬ್ಬು ನಿಂತಿತ್ತು. ಎದುರಿಗೆ ಸ್ಟೂಲಿನ ಮೇಲೆ ಕೈಯಿಂದ ತಿರುಗಿಸುವ ಹಳೆಯ ಮಷಿನ್ನು, ಅದರಲ್ಲಿ ಮೊಮ್ಮಗಳದೋ ಯಾರದೋ ಲಂಗ. ನನ್ನನ್ನು ನೋಡಿ ಚಕ್ರ ನಿಲ್ಲಿಸಿದರು. ತುಂಬ ಇಳಿದುಹೋಗಿದ್ದರು. ನಾನು ತಪ್ಪಾಯಿತು ಎಂದು ಹೇಳಲು ಬಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಅಲ್ಲದೆ, ತಪ್ಪಾಯಿತು ಎಂದು ನನಗೆ ಅನ್ನಿಸಿಯೂ ಇರಲಿಲ್ಲ. ಹೊರಸಿನ ತುದಿಯಲ್ಲಿ ಕುಳಿತೆ.

ಅವರೇ ಮೊದಲು, "ಮಗಳು ಹೇಳಿರಬೇಕಲ್ಲ ನಿನಗ" ಎಂದರು.

"ಹೇಳಿದರು."

"ಆಕಿಗೆ ತೋರಸೂದಿಲ್ಲ ನಾ. ಏನೂ ಇಲ್ಲದಿದ್ರೂ ಅಳತಾಳ. ಏನರ ಇದ್ರ ಮುಚ್ಚಿಡ್ತಾಳ, ನಾ ಅಂಜತೀನಿ ಅಂತ. ನೀ ಮುಚ್ಚಿಡಾಕಿ ಅಲ್ಲ. ಅದು ನನಗ ಗೊತ್ತದ."

ಅವರು ಕಾಲನ್ನು ಎರಡೂ ಕೈಯಿಂದ ಎತ್ತಿ ನನ್ನ ಮಡಿಲಲ್ಲಿ ಇಟ್ಟರು.

ನಾನು ಸಾಕ್ಸು ತೆಗೆದೆ. ಬೆರಳಿಲ್ಲದ ಜಾಗದಿಂದ ಶುರುಮಾಡಿ, ಉಳಿದ ಮೂರನ್ನೂ ಒಂದೊಂದಾಗಿ ಬಿಡಿಸಿ ನೋಡಿದೆ. ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಒಣಬಿರುಕು ಎರಡಿದ್ದವು, ಗಾಯವಿರಲಿಲ್ಲ. ಕಣ್ಣು ಮಂಜಾಗಿದ್ದರಿಂದ ಇನ್ನೊಮ್ಮೆ ನೋಡಿದೆ.

"ಹಿಮ್ಮಡಿ ಒಡೆದಿದೆ ಮಾವಶಿ, ಎಣ್ಣೆ ಹಚ್ಚಬೇಕು. ಬೇರೆ ಏನೂ ಇಲ್ಲ."

"ಖರೇ?"

"ಖರೇ."

ಅವರು ಉಸಿರು ಬಿಟ್ಟು ಗೋಡೆಗೆ ಒರಗಿದರು. ನಾನು ಸಾಕ್ಸು ಹಾಕಲು ಹೋದೆ. ಬೇಡ ಎಂದು ಕೈ ಅಡ್ಡ ಮಾಡಿದರು.

"ಹಂಗೇ ಇನ್ನೊಂಚೂರು ಹಿಡಕೊಂಡಿರು," ಎಂದರು. "ಹಿಡಿದದ್ದು ನನಗ ತಿಳಿಯೂದಿಲ್ಲ. ಕಾಣಸ್ತದ."

ಮಗಳು ತಂದಿಟ್ಟ ಚಹಾ ಆರಿತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ತೆಗೆಯಲಿಲ್ಲ.